ಸೀರೆಗೆ ಮ್ಯಾಚಿಂಗ್ ಬ್ಲೌಸ್ ಹುಡುಕುವ ಆ್ಯಪ್: ಎಐ ಬೇಕಾ, ಬಿಸಿಎ ಪಾಠ ಸಾಕಾ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಬಿಸಿಎ ಕೊನೆಯ ವರ್ಷ ಓದುತ್ತಿದ್ದೇನೆ. ನಮ್ಮದು ಬಟ್ಟೆ ಅಂಗಡಿ. ಸೀರೆ, ಬ್ಲೌಸ್ ಪೀಸ್, ರೆಡಿಮೇಡ್ ಚೂಡಿದಾರ್, ಕುರ್ತಾ ಎಲ್ಲ ಇವೆ. ಗ್ರಾಹಕರು ಸೀರೆಯ ಫೋಟೋ ತೆಗೆದರೆ ನಮ್ಮಲ್ಲಿರುವ ಮ್ಯಾಚಿಂಗ್ ಬ್ಲೌಸ್ ಪೀಸ್ ತೋರಿಸಬೇಕು, ಕುರ್ತಾ ಆದರೆ ಯಾವ ಸೈಜ್ ಸರಿಹೋಗುತ್ತದೆ ಎಂದು ಹೇಳಬೇಕು. ಇಂಥ ಆ್ಯಪ್ ಮಾಡುವ ಆಸೆ. ಡೇಟಾ ಸ್ಟ್ರಕ್ಚರ್, ಡಿಬಿಎಂಎಸ್ (ಡೇಟಾಬೇಸ್ ನಿರ್ವಹಣೆ), ಅಲ್ಗಾರಿದಮ್ ಎಲ್ಲ ಓದಿದ್ದೇನೆ. ಆದರೆ ಅವು ಇಲ್ಲಿ ಎಲ್ಲಿ ಬರುತ್ತವೆ ಅಂತ ಗೊತ್ತಾಗುತ್ತಿಲ್ಲ. ಮೊದಲು ಎಐ ಕಲಿ, ಆಮೇಲೆ ಶುರು ಮಾಡು ಅಂತಾರೆ ಸ್ನೇಹಿತರು. ಎಲ್ಲಿಂದ ಶುರು ಮಾಡಲಿ?

ಉತ್ತರ: ಎಐ ಕಲಿಯುವವರೆಗೆ ಕಾಯಬೇಡಿ. ಅದನ್ನು ಕಲಿಯುವುದು ಒಳ್ಳೆಯದೇ, ಆದರೆ ಈ ಆ್ಯಪ್‌ಗೆ ಅದು ಮೊದಲ ಮೆಟ್ಟಿಲಲ್ಲ. ನಿಮಗೆ ಬೇಕಾದ ಹೆಚ್ಚಿನದನ್ನು ನೀವು ಆಗಲೇ ಓದಿದ್ದೀರಿ. ಕಷ್ಟ ಇರುವುದು ಬೇರೆ ಕಡೆ. ನಿಮ್ಮ ಅಂಗಡಿಯಲ್ಲಿ ಏನೇನಿದೆ ಎನ್ನುವುದು ಈಗ ಕೌಂಟರ್‌ನಲ್ಲಿ ನಿಲ್ಲುವವರ ತಲೆಯಲ್ಲಿದೆ. 'ರಾಮಾ ಗ್ರೀನ್ ಬೇಕಾ, ಮೇಲಿನ ರ್ಯಾಕ್ ನೋಡು, ಆ ಮೂಲೇಲಿ ಒಂದು ಪೀಸ್ ಉಳಿದಿರಬೇಕು' ಅಂತ ಹೇಳುವವರು ಅವರೇ. ಆ ತಿಳಿವಳಿಕೆಯನ್ನು ಕಂಪ್ಯೂಟರ್‌ಗೆ ಅರ್ಥವಾಗುವ ಹಾಗೆ ಬರೆದಿಡದಿದ್ದರೆ ಎಂಥ ಎಐ ತಂದರೂ ಅದು ಇಲ್ಲದ ಬಟ್ಟೆಯನ್ನೇ ತೋರಿಸುತ್ತದೆ. ಬರೆದಿಟ್ಟರೆ, ಎರಡನೇ ಸೆಮಿಸ್ಟರ್‌ನ ಪಾಠವೇ ಅರ್ಧ ಕೆಲಸ ಮುಗಿಸುತ್ತದೆ.

ಮೊದಲು ಒಂದು ಪ್ರಶ್ನೆಗೆ ಉತ್ತರ ಹುಡುಕಿ: ನಿಮ್ಮ ಅಂಗಡಿಯಲ್ಲಿ 'ಒಂದು' ಅಂದರೆ ಏನು? ಕೇಳೋಕೆ ಸುಲಭ, ಆದರೆ ಹೆಚ್ಚಿನ ಸಾಫ್ಟ್‌ವೇರ್ ಎಡವುವುದು ಇಲ್ಲೇ. ಒಂದು ಕುರ್ತಾ ಡಿಸೈನ್ 5 ಬಣ್ಣ, 6 ಸೈಜ್‌ಗಳಲ್ಲಿ ಬಂದರೆ ಅದು 30 ಬೇರೆ ಬೇರೆ ಸರಕು. ಅಂಥ 40 ಡಿಸೈನ್ ಇದ್ದರೆ 1200 ಸಾಲು. ಡಿಸೈನ್‌ನ ಹೆಸರು, ಬಟ್ಟೆ, ಫೋಟೋ ಒಂದು ಟೇಬಲ್‌ನಲ್ಲಿ ಇರಲಿ. ಬಣ್ಣ, ಸೈಜ್, ಬೆಲೆ ಇನ್ನೊಂದರಲ್ಲಿ ಇರಲಿ. ಎರಡನ್ನೂ ಡಿಸೈನ್ ನಂಬರ್ ಜೋಡಿಸಲಿ. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಕೊಟ್ಟ ರಿಲೇಷನಲ್ ಮಾದರಿ ಇದೇ. ನಾರ್ಮಲೈಸೇಷನ್ ಅಂತ ಪರೀಕ್ಷೆಗೆ ಓದಿದಿರಲ್ಲ, ಅದರ ತಿರುಳು ಇಷ್ಟು: ಒಂದು ಸಂಗತಿಯನ್ನು ಒಂದೇ ಜಾಗದಲ್ಲಿ ಬರೆಯಿರಿ. ಬಟ್ಟೆ 'ರೇಯಾನ್' ಅಲ್ಲ 'ಕಾಟನ್' ಅಂತ ತಿದ್ದಬೇಕಾದಾಗ 30 ಕಡೆ ತಿದ್ದುವ ಗತಿ ಬರಬಾರದು.

ಇದು ಕುರ್ತಾದ ಮಾತಾಯಿತು. ರೇಷ್ಮೆ ಸೀರೆ ಹಾಗಲ್ಲ. ಕೈಮಗ್ಗದ ಸೀರೆ ಸಾಮಾನ್ಯವಾಗಿ ಒಂಟಿ ಪೀಸ್, ಅದರಂಥದ್ದು ಇನ್ನೊಂದು ಇರುವುದಿಲ್ಲ. ಅದಕ್ಕೆ 'ಎಷ್ಟಿದೆ' ಎಂಬ ಕಾಲಂಗಿಂತ 'ಇದೆಯೋ, ಮಾರಿ ಹೋಯಿತೋ' ಎಂಬ ಕಾಲಂ ಬೇಕು. ರಾಜ್ಯ ಸರ್ಕಾರದ ರೇಷ್ಮೆ ನಿಗಮ ಕೆಎಸ್‌ಐಸಿಯ ಮೈಸೂರು ಸಿಲ್ಕ್ ಸೀರೆ ನೋಡಿ, ಪ್ರತಿ ಸೀರೆಗೂ ಅದರದೇ ಗುರುತಿನ ಸಂಖ್ಯೆ ಇರುತ್ತದೆ. ಪ್ರತಿ ಸಾಲಿಗೂ ಬೇರೆಯೇ ಇರುವ ಗುರುತು, ಅಂದರೆ ಡೇಟಾಬೇಸ್‌ನ ಪ್ರೈಮರಿ ಕೀ ಎನ್ನುವುದನ್ನು ಬಟ್ಟೆಯ ಮೇಲೇ ನೋಡಬೇಕಾದರೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಮೂರನೆಯದು ಥಾನ್‌ನಿಂದ ಕತ್ತರಿಸಿ ಕೊಡುವ ಬಟ್ಟೆ. ನಿಮ್ಮ ಆ್ಯಪ್‌ಗೆ ಇದೇ ಮುಖ್ಯ. ಟು ಬೈ ಟು ಎಂಬ ಬ್ಲೌಸ್ ಬಟ್ಟೆಯ ಥಾನ್‌ನಲ್ಲಿ 60 ಸೆಂಟಿಮೀಟರ್ ಉಳಿದಿದೆ ಎಂದುಕೊಳ್ಳಿ. ಸ್ಟಾಕ್ ಪಟ್ಟಿಯ ಪ್ರಕಾರ ಆ ಬಣ್ಣ 'ಇದೆ'. ಆದರೆ ಅದರಲ್ಲಿ ಬ್ಲೌಸ್ ಆಗುವುದಿಲ್ಲ. ಆ್ಯಪ್ ನಂಬಿ ಹರಿಹರದಿಂದ ಬಂದ ಗ್ರಾಹಕರು ಬೇಜಾರಾಗಿ ವಾಪಸ್ ಹೋಗುತ್ತಾರೆ, ಮುಂದೆ ಆ ಆ್ಯಪ್ ತೆರೆಯುವುದೂ ಇಲ್ಲ. ಹಾಗಾಗಿ 'ಬ್ಲೌಸ್‌ಗೆ ಸಾಲುವಷ್ಟಿದೆಯೇ' ಎಂಬ ಕನಿಷ್ಠ ಅಳತೆಯನ್ನು ನಿಮ್ಮ ಕೌಂಟರ್‌ನವರನ್ನೇ ಕೇಳಿ ನಿಗದಿ ಮಾಡಿ. ಅದಕ್ಕಿಂತ ಕಡಿಮೆ ಉಳಿದಿದ್ದು ಹುಡುಕಾಟದಲ್ಲಿ ಬರಲೇಬಾರದು.

ಇಲ್ಲೇ ಇನ್ನೊಂದು ಮಾತು. ಅಳತೆಯನ್ನು ಮೀಟರ್ ಲೆಕ್ಕದಲ್ಲಿ ದಶಮಾಂಶ ಹಾಕಿ ಇಡಬೇಡಿ, ಸೆಂಟಿಮೀಟರ್‌ನಲ್ಲಿ ಪೂರ್ಣಾಂಕವಾಗಿ ಇಡಿ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ 0.1 ಮತ್ತು 0.2 ಕೂಡಿಸಿ, ಅದು 0.3ಕ್ಕೆ ಸಮವೇ ಎಂದು ಕೇಳಿ ನೋಡಿ. ಅಲ್ಲ ಅನ್ನುತ್ತದೆ! ಕಂಪ್ಯೂಟರ್ ದಶಮಾಂಶಗಳನ್ನು ಎರಡರ ಲೆಕ್ಕದಲ್ಲಿ ಇಡುವುದರಿಂದ 0.1 ಅದಕ್ಕೆ ಸರಿಯಾಗಿ ಕೂರುವುದಿಲ್ಲ. ದಿನಕ್ಕೆ ಹತ್ತಾರು ಸಲ ಕತ್ತರಿಸುವ ಥಾನ್‌ನಲ್ಲಿ ಇಂಥ ಚೂರುಗಳು ಕೂಡಿಕೊಳ್ಳುತ್ತವೆ. ದುಡ್ಡನ್ನೂ ಹಾಗೇ ಪೈಸೆಯಲ್ಲಿ ಪೂರ್ಣಾಂಕವಾಗಿ ಇಡಿ.

ಟ್ಯಾಗ್ ಮೇಲಿನ ನಂಬರ್ ವಿಷಯ. 'ಕೆಂಪು-ಎಂ-ಯುಗಾದಿ' ಎಂದು ಅರ್ಥ ತುಂಬಿದ ಕೋಡ್ ಮಾಡುವ ಆಸೆ ಎಲ್ಲರಿಗೂ ಇರುತ್ತದೆ. ಬೇಡ. ನಾಳೆ ಯಾರೋ 'ಇದು ಕೆಂಪಲ್ಲ, ಮೆರೂನ್' ಅನ್ನುತ್ತಾರೆ, ಆಗ ಕೋಡೇ ಸುಳ್ಳಾಗುತ್ತದೆ. ಸುಮ್ನೆ ಒಂದು ಸಂಖ್ಯೆ ಕೊಡಿ, ಅರ್ಥವೆಲ್ಲ ಟೇಬಲ್‌ನಲ್ಲಿ ಇರಲಿ. ಕಂಪನಿ ಬಟ್ಟೆಗಳಿಗೆ 13 ಅಂಕಿಯ ಬಾರ್‌ಕೋಡ್ ಆಗಲೇ ಇರುತ್ತದೆ. ಭಾರತದಲ್ಲಿ ನೋಂದಣಿಯಾದವು 890ರಿಂದ ಶುರುವಾಗುತ್ತವೆ. ಅಂಗಡಿಯ ಒಳಬಳಕೆಗೆಂದೇ 200ರಿಂದ 299ರವರೆಗಿನ ಆರಂಭದ ಅಂಕಿಗಳನ್ನು ಬಿಟ್ಟಿದ್ದಾರೆ. ನಿಮ್ಮ ಬ್ಲೌಸ್ ಪೀಸ್‌ಗಳಿಗೆ ಅಲ್ಲಿಂದ ಕೊಡಿ.

ಆ 13ನೇ ಅಂಕಿ ತಪ್ಪು ಹಿಡಿಯಲು ಇರುವಂಥದ್ದು. ಉದಾಹರಣೆಗೆ 200000001234 ತೆಗೆದುಕೊಳ್ಳಿ. ಎಡದಿಂದ ಒಂದು ಅಂಕಿಯನ್ನು 1ರಿಂದ, ಮುಂದಿನದನ್ನು 3ರಿಂದ, ಹೀಗೆ ಒಂದು ಬಿಟ್ಟು ಒಂದು ಗುಣಿಸುತ್ತಾ ಹೋಗಿ, ಎಲ್ಲ ಕೂಡಿಸಿ. 24 ಬರುತ್ತದೆ. 30 ಆಗಲು 6 ಬೇಕು. ಅದೇ ಕೊನೆಯ ಅಂಕಿ: 2000000012346. ಸ್ಕ್ಯಾನರ್ ಕೈಕೊಟ್ಟು ಹುಡುಗ ಕೈಯಲ್ಲಿ ಟೈಪ್ ಮಾಡುವಾಗ 12ರ ಬದಲು 21 ಒತ್ತಿದರೆ ಮೊತ್ತ 22 ಆಗುತ್ತದೆ, ಕೊನೆಯ ಅಂಕಿ 8 ಇರಬೇಕಾಗುತ್ತದೆ, ತಪ್ಪು ಸಿಕ್ಕಿಬೀಳುತ್ತದೆ. ಆದರೆ ಪಕ್ಕದ 1 ಮತ್ತು 6 ಅದಲು ಬದಲಾದರೆ ಇದು ಹಿಡಿಯುವುದಿಲ್ಲ. ಎರಡರ ಅಂತರ 5, ಅದರ ಎರಡರಷ್ಟು 10, ಹಾಗಾಗಿ ಮೊತ್ತದ ಕೊನೆಯ ಅಂಕಿ ಬದಲಾಗುವುದಿಲ್ಲ. ಪ್ರಾಜೆಕ್ಟ್ ವೈವಾದಲ್ಲಿ ಇದನ್ನು ನೀವೇ ಹೇಳಿದರೆ ಪರೀಕ್ಷಕರಿಗೆ ಖುಷಿಯಾಗುತ್ತದೆ.

ಈಗ ನಿಮ್ಮ ಐಡಿಯಾದ ಜೀವಾಳಕ್ಕೆ ಬರೋಣ, ಬಣ್ಣಕ್ಕೆ. ಫೋಟೋದಲ್ಲಿ ಪ್ರತಿ ಚುಕ್ಕೆಯೂ ಮೂರು ಸಂಖ್ಯೆ: ಕೆಂಪು, ಹಸಿರು, ನೀಲಿ, ಒಂದೊಂದೂ 0ಯಿಂದ 255ರವರೆಗೆ. ಸೀರೆಯ ಅಂಚು 128, 0, 32 ಇದೆ ಎಂದುಕೊಳ್ಳಿ, ಅದು ಮೆರೂನ್. ನಿಮ್ಮಲ್ಲಿರುವ ಒಂದು ಪೀಸ್ 140, 10, 40. ಇನ್ನೊಂದು 100, 0, 60. ಯಾವುದು ಹತ್ತಿರ? ಹೈಸ್ಕೂಲಿನಲ್ಲಿ ಎರಡು ಬಿಂದುಗಳ ನಡುವಿನ ದೂರ ಕಂಡುಹಿಡಿದಿರಲ್ಲ, ಅದೇ ಸೂತ್ರ. ಮೊದಲನೆಯದರ ವ್ಯತ್ಯಾಸ 12, 10, 8. ವರ್ಗ ಮಾಡಿ ಕೂಡಿಸಿದರೆ 308, ವರ್ಗಮೂಲ ಸುಮಾರು 17.5. ಎರಡನೆಯದು ಸುಮಾರು 39.6. ಮೊದಲನೆಯದನ್ನು ತೋರಿಸಿ. ಇದಕ್ಕೆ 'ನಿಯರೆಸ್ಟ್ ನೇಬರ್' ಎಂಬ ದೊಡ್ಡ ಹೆಸರಿದೆ, ಮೆಷಿನ್ ಲರ್ನಿಂಗ್ ಪುಸ್ತಕಗಳ ಮೊದಲ ಪಾಠಗಳಲ್ಲೇ ಬರುತ್ತದೆ. ನಿಮ್ಮ ಸ್ನೇಹಿತರು ಹೇಳಿದ ದಾರಿಯಲ್ಲಿ ನೀವು ಆಗಲೇ ಒಂದು ಹೆಜ್ಜೆ ಇಟ್ಟಿದ್ದೀರಿ.

600 ಶೇಡ್ ಇದ್ದರೆ? 600 ಸಲ ಲೆಕ್ಕ ಮಾಡಿ, ದೂರದ ಪ್ರಕಾರ ಸಾರ್ಟ್ ಮಾಡಿ, ಮೊದಲ ಐದನ್ನು ತೋರಿಸಿ. ಹೀಗೆ ಒಂದೊಂದನ್ನೂ ನೋಡುತ್ತಾ ಹೋಗುವ ಲೀನಿಯರ್ ಸರ್ಚ್ ನಿಧಾನ ಅಂತ ಪಾಠದಲ್ಲಿ ಓದಿರುತ್ತೀರಿ. ನಿಜ, ಕೋಟಿ ಸಾಲುಗಳಿದ್ದಾಗ. 600ಕ್ಕೆ ಸಾಧಾರಣ ಮೊಬೈಲ್ ಕೂಡ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸುತ್ತದೆ. ಟ್ರೀ, ಇಂಡೆಕ್ಸ್ ಎಂದು ಇಲ್ಲಿ ಒಂದು ವಾರ ಕಳೆಯಬೇಡಿ. ಎಷ್ಟು ಡೇಟಾ ಇದೆ ಎಂದು ಮೊದಲು ಎಣಿಸಿ, ಆಮೇಲೆ ಅಲ್ಗಾರಿದಮ್ ಆರಿಸಿ.

ಆದರೆ ಈ ಮೂರು ಸಂಖ್ಯೆಯ ದೂರಕ್ಕೂ ನಮ್ಮ ಕಣ್ಣಿಗೂ ಪೂರ್ತಿ ಹೊಂದಾಣಿಕೆಯಿಲ್ಲ. ಹಸಿರಿನಲ್ಲಿ ಲೆಕ್ಕ 'ದೂರ' ಎಂದದ್ದು ಕಣ್ಣಿಗೆ ಒಂದೇ ಥರ ಕಾಣಬಹುದು, ತಿಳಿ ಬಣ್ಣದಲ್ಲಿ 'ಹತ್ತಿರ' ಎಂದದ್ದು ಬೇರೆಯೇ ಕಾಣಬಹುದು. ಅದಕ್ಕೆಂದೇ 1976ರಲ್ಲಿ ಬೆಳಕು ಮತ್ತು ಬಣ್ಣದ ಅಂತರರಾಷ್ಟ್ರೀಯ ಆಯೋಗ ಲ್ಯಾಬ್ ಎಂಬ ಬಣ್ಣದ ಅಳತೆ ತಂದಿತು. ಅದರಲ್ಲಿ ಒಂದು ಸಂಖ್ಯೆ ಬೆಳಕಿಗೆ, ಒಂದು ಕೆಂಪು-ಹಸಿರಿಗೆ, ಇನ್ನೊಂದು ಹಳದಿ-ನೀಲಿಗೆ. ಫೋಟೋ ಕೆಲಸಕ್ಕೆ ಬಳಸುವ ಓಪನ್‌ಸಿವಿಯಂಥ ಕೋಡ್ ಲೈಬ್ರರಿಗಳಲ್ಲಿ ಒಂದೇ ಸಾಲಿನಲ್ಲಿ ಬದಲಾಯಿಸಬಹುದು. ಬದಲಾಯಿಸಿ, ಅದೇ ದೂರದ ಸೂತ್ರ ಹಾಕಿ. ಫಲಿತಾಂಶ ಎಷ್ಟೋ ಸುಧಾರಿಸುತ್ತದೆ.

ನಿಜವಾದ ತೊಂದರೆ ಬೆಳಕಿನದು. ಗ್ರಾಹಕರು ಸೀರೆ ಹಿಡಿದು ಅಂಗಡಿ ಬಾಗಿಲಿಗೆ ಹೋಗಿ ಬಿಸಿಲಲ್ಲಿ ನೋಡುತ್ತಾರಲ್ಲ, ಅದು ಸುಮ್ನೆ ಅಲ್ಲ. ಎರಡು ಬಟ್ಟೆ ಟ್ಯೂಬ್‌ಲೈಟ್ ಕೆಳಗೆ ಒಂದೇ ಬಣ್ಣ ಕಂಡು ಬಿಸಿಲಿನಲ್ಲಿ ಬೇರೆಯಾಗಿ ಕಾಣುವುದು ಉಂಟು, ಏಕೆಂದರೆ ಹತ್ತಿಗೆ ಹಾಕಿದ ಬಣ್ಣವೂ ರೇಷ್ಮೆಗೆ ಹಾಕಿದ ಬಣ್ಣವೂ ಬೆಳಕನ್ನು ಬೇರೆ ಬೇರೆ ರೀತಿ ಹಿಂದಿರುಗಿಸುತ್ತವೆ. ಮೊಬೈಲ್ ಕ್ಯಾಮೆರಾ ಇದರ ಮೇಲೆ ತನ್ನದೂ ಒಂದಿಷ್ಟು ತಿದ್ದುಪಡಿ ಮಾಡುತ್ತದೆ. ನಿಮ್ಮ ಸ್ಟಾಕ್‌ನ ಫೋಟೋಗಳನ್ನಾದರೂ ಒಂದೇ ಜಾಗದಲ್ಲಿ, ಒಂದೇ ದೀಪದಲ್ಲಿ, ಪಕ್ಕದಲ್ಲಿ ಒಂದು ಬಿಳಿ ಹಾಳೆ ಇಟ್ಟು ತೆಗೆಯಿರಿ. ಗ್ರಾಹಕರಿಗೂ ಸೀರೆ ಪಕ್ಕ ಒಂದು ಬಿಳಿ ಹಾಳೆ ಇಡಲು ಹೇಳಿ. ಫೋಟೋದಲ್ಲಿ ಹಾಳೆ ಹಳದಿಯಾಗಿ ಕಂಡರೆ, ಅದು ಬಿಳಿಯಾಗುವಷ್ಟು ಮೂರೂ ಸಂಖ್ಯೆಗಳನ್ನು ಗುಣಿಸಿ ಸರಿಮಾಡಬಹುದು. ಇದು ಬರೀ ಗುಣಾಕಾರ, ಇದರಷ್ಟು ಲಾಭ ಕೊಡುವ ಎಐ ಇಲ್ಲ ಎಂದೇ ನನ್ನ ಅಭಿಪ್ರಾಯ. ಬಾಗು ಹಿಡಿದಂತೆಲ್ಲ ಬಣ್ಣ ಬದಲಾಗುವ ಡಬಲ್ ಶೇಡ್ ರೇಷ್ಮೆಗೆ ಮಾತ್ರ ಒಂದೇ ಬಣ್ಣ ಬರೆಯಬೇಡಿ. ಹಾಸಿನದೊಂದು (ಉದ್ದ ಎಳೆ), ಹೊಕ್ಕಿನದೊಂದು (ಅಡ್ಡ ಎಳೆ), ಎರಡೂ ಇರಲಿ.

ಇನ್ನು ಫೋಟೋದ ಯಾವ ಭಾಗದ ಬಣ್ಣ? ಇಲ್ಲಿ ಎಐ ಬೇಕು ಅನಿಸುತ್ತದೆ, 'ಇದು ಅಂಚು, ಇದು ಸೆರಗು, ಇದು ಒಡಲು' ಎಂದು ಗುರುತಿಸಲು. ಬೇಡ. ಗ್ರಾಹಕರನ್ನೇ ಕೇಳಿ. ಫೋಟೋ ತೋರಿಸಿ, 'ಯಾವ ಬಣ್ಣಕ್ಕೆ ಮ್ಯಾಚಿಂಗ್ ಬೇಕೋ ಅದರ ಮೇಲೆ ಬೆರಳು ಒತ್ತಿ' ಅನ್ನಿ. ಅಂಚಿನ ಬಣ್ಣದ ಬ್ಲೌಸ್ ಬೇಕಾದವರು ಅಂಚು ಒತ್ತುತ್ತಾರೆ, ಒಡಲಿನದು ಬೇಕಾದವರು ಒಡಲು ಒತ್ತುತ್ತಾರೆ. ತಿಂಗಳುಗಟ್ಟಲೆ ಕೆಲಸ ಒಂದು ಬೆರಳಲ್ಲಿ ಮುಗಿಯಿತು! ಒತ್ತಿದ ಜಾಗದ ಸುತ್ತ 20 ಅಡ್ಡ, 20 ಉದ್ದ ಚುಕ್ಕೆಗಳನ್ನು ತೆಗೆದುಕೊಳ್ಳಿ. ಸರಾಸರಿ ಮಾಡಬೇಡಿ, ಮಧ್ಯಾಂಕ ತೆಗೆಯಿರಿ. ಕಾರಣ ಜರಿ. ನಡುವೆ ಹಾದುಹೋಗುವ ನಾಲ್ಕು ಜರಿ ಎಳೆ ಫಳಫಳ ಹೊಳೆದು ಸರಾಸರಿಯನ್ನು ಹಳದಿ ಕಡೆ ಎಳೆಯುತ್ತವೆ. ಮಧ್ಯಾಂಕ ಅದಕ್ಕೆ ಬಗ್ಗುವುದಿಲ್ಲ.

ಬಣ್ಣದ ಲೆಕ್ಕ ಸೋಲುವ ಜಾಗವೂ ಇದೆ. ಇಳಕಲ್ ಸೀರೆಗೆ ಗುಳೇದಗುಡ್ಡದ ಖಣವೇ ಕುಪ್ಪಸ ಎಂಬುದು ಉತ್ತರ ಕರ್ನಾಟಕದ ಹಳೆಯ ರೂಢಿ. ಖಣದಲ್ಲಿ ಮೈ ತುಂಬ ನೇಯ್ಗೆಯ ಚಿತ್ತಾರ, ಬದಿಗೆ ಬೇರೆ ಬಣ್ಣದ ಅಂಚು. ಅದನ್ನು ಒಂದೇ ಬಣ್ಣಕ್ಕೆ ಇಳಿಸಿದರೆ ಯಾವುದಕ್ಕೂ ಹತ್ತಿರ ಬರದ ಏನೋ ಒಂದು ಬಣ್ಣ ಸಿಗುತ್ತದೆ, ಖಣ ಪಟ್ಟಿಯ ತಳಕ್ಕೆ ಹೋಗುತ್ತದೆ. ಇಲ್ಲಿ ಒಂದು ಸರಳ ಇಫ್ ಸಾಕು: ಸೀರೆ ಇಳಕಲ್ ಆಗಿದ್ದರೆ ಖಣಗಳನ್ನು ಮೊದಲು ತೋರಿಸು, ಅವುಗಳಲ್ಲಿ ಬಣ್ಣದ ಪ್ರಕಾರ ಸಾರ್ಟ್ ಮಾಡು. ಇಂಥ ರೂಢಿಗಳು ಯಾವ ಎಐ ಮಾಡೆಲ್‌ಗೂ ತಾನಾಗೇ ಗೊತ್ತಿರುವುದಿಲ್ಲ. ನಿಮ್ಮ ಮನೆಯವರಿಗೆ ಗೊತ್ತಿರುತ್ತವೆ. ಅವರ ಹತ್ತಿರ ಕೂತು ಒಂದೊಂದಾಗಿ ಬರೆದುಕೊಳ್ಳಿ. ನೇಕಾರರ ಬಟ್ಟೆ ಪಟ್ಟಿಯ ಮೇಲೆ ಬರುವುದೋ ಕೆಳಗೆ ಹೋಗುವುದೋ ನೀವು ಬರೆಯುವ ಆ ಸಾಲಿನ ಮೇಲೆ ನಿಂತಿದೆ, ಅದನ್ನು ಮನಸ್ಸಿಟ್ಟು ಬರೆಯಿರಿ.

ಹೆಸರು ಟೈಪ್ ಮಾಡಿ ಹುಡುಕುವವರೂ ಇರುತ್ತಾರೆ. ರಾಣಿ ಪಿಂಕ್, ಆನಂದ ಬ್ಲೂ, ಗಿಳಿ ಹಸಿರು, ಈರುಳ್ಳಿ ಬಣ್ಣ, ಇವೆಲ್ಲ ಜನ ನಿಜವಾಗಿ ಹೇಳುವ ಹೆಸರುಗಳು. ಮರೂನ್, ಮೆರೂನ್, ಮೆಹರೂನ್ ಎಲ್ಲವೂ ಒಂದೇ ಕಡೆ ಹೋಗಬೇಕು. ಪದ ಕೊಟ್ಟರೆ ಅದಕ್ಕೆ ಜೋಡಿಸಿದ್ದನ್ನು ತಟ್ಟನೆ ಕೊಡುವ ಪೈಥಾನ್‌ನ ಡಿಕ್ಷನರಿ, ಅಂದರೆ ಹ್ಯಾಶ್ ಟೇಬಲ್, ಇದಕ್ಕೆ ಹೇಳಿ ಮಾಡಿಸಿದ್ದು. ಸಿಗದ ಪದಗಳನ್ನು ಒಂದು ಕಡೆ ಬರೆದಿಟ್ಟುಕೊಂಡು ವಾರಕ್ಕೊಮ್ಮೆ ಸೇರಿಸುತ್ತಾ ಹೋಗಿ.

ಸ್ಟಾಕ್ ಸಂಖ್ಯೆಯ ಬಗ್ಗೆ. 'ಈಗ 7 ಇದೆ' ಎಂದು ಬರೆದು, ಮಾರಿದಾಗ 6 ಎಂದು ತಿದ್ದುವ ಪದ್ಧತಿ ಬೇಡ. ಲೆಕ್ಕ ತಪ್ಪಿದರೆ ಎಲ್ಲಿ ತಪ್ಪಿತು ಅಂತ ಗೊತ್ತಾಗುವುದೇ ಇಲ್ಲ. ಬಂದದ್ದು, ಮಾರಿದ್ದು, ವಾಪಸ್ ಬಂದದ್ದು, ಮನೆಗೆ ತೋರಿಸಲು ಕೊಟ್ಟು ಕಳಿಸಿದ್ದು, ಒಂದೊಂದನ್ನೂ ಬೇರೆ ಸಾಲಾಗಿ ಬರೆಯಿರಿ. ಯಾವುದನ್ನೂ ಅಳಿಸಬೇಡಿ. ಈಗಿನ ಸ್ಟಾಕ್ ಅಂದರೆ ಆ ಸಾಲುಗಳ ಮೊತ್ತ. ಅಂಗಡಿಯ ಖಾತೆ ಪುಸ್ತಕ ಬರೆಯುವ ಕ್ರಮವೂ ಇದೇ, ಹೊಸದೇನಲ್ಲ.

ಒಂಟಿ ಪೀಸ್‌ಗೆ ಮತ್ತೊಂದು ಅಪಾಯವಿದೆ. ಬೆಳಗ್ಗೆ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಒಂದು ಮೊಳಕಾಲ್ಮೂರು ಸೀರೆ ಹಾಕಿದಿರಿ. ಒಬ್ಬರು 'ನನಗೆ ಇಡಿ' ಅಂತ ಮೆಸೇಜ್ ಹಾಕುತ್ತಾರೆ, ನಿಮ್ಮ ತಂದೆ ಓಕೆ ಅಂತಾರೆ. ಅದೇ ಹೊತ್ತಿಗೆ ಇನ್ನೊಬ್ಬರು ಫೋನ್ ಮಾಡುತ್ತಾರೆ, ಕೌಂಟರ್‌ನವರು ಹೂಂ ಅಂತಾರೆ. ಸೀರೆ ಒಂದೇ. ಆಪರೇಟಿಂಗ್ ಸಿಸ್ಟಮ್ ಪಾಠದಲ್ಲಿ ರೇಸ್ ಕಂಡೀಷನ್ ಅಂತ ಓದಿದ್ದು ಇದನ್ನೇ. 'ಇದೆಯಾ ನೋಡು' ಮತ್ತು 'ಹಿಡಿದಿಡು' ಎರಡೂ ಒಂದೇ ಟ್ರಾನ್ಸಾಕ್ಷನ್ ಒಳಗೆ ಆಗಬೇಕು, ನಡುವೆ ಇನ್ನೊಬ್ಬರು ನುಗ್ಗಬಾರದು. ಹಿಡಿದಿಟ್ಟದ್ದಕ್ಕೆ ಒಂದು ಗಡುವು ಇರಲಿ, ಸಂಜೆಯೊಳಗೆ ದುಡ್ಡು ಬರದಿದ್ದರೆ ತಾನಾಗೇ ಬಿಡುಗಡೆಯಾಗಲಿ. ಡೇಟಾಬೇಸ್‌ಗೆ ಎಸ್‌ಕ್ಯೂಲೈಟ್ ಸಾಕು. ಇಡೀ ಡೇಟಾಬೇಸ್ ಒಂದೇ ಫೈಲ್, ಅಂಗಡಿಯ ಕಂಪ್ಯೂಟರ್‌ನಲ್ಲೇ ಇರುತ್ತದೆ, ನೆಟ್ ಹೋದರೂ ಬಿಲ್ಲಿಂಗ್ ನಿಲ್ಲುವುದಿಲ್ಲ.

ಬಿಲ್ಲಿಂಗ್ ಅಂದಾಗ ನೆನಪಾಯಿತು, ತೆರಿಗೆ ದರವನ್ನು ಕೋಡ್ ಒಳಗೆ ಬರೆಯಬೇಡಿ. ಮೊದಲು 1000 ರೂಪಾಯಿವರೆಗಿನ ರೆಡಿಮೇಡ್‌ಗೆ 5%, ಅದರ ಮೇಲೆ 12% ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ 2500 ರೂಪಾಯಿವರೆಗೆ 5%, ಮೇಲಿನದಕ್ಕೆ 18% ಆಯಿತು. ದರ, ಬೆಲೆಯ ಮಿತಿ, ಯಾವ ದಿನದಿಂದ ಎನ್ನುವುದು ಒಂದು ಟೇಬಲ್‌ನಲ್ಲಿದ್ದರೆ ಒಂದು ಸಾಲು ಸೇರಿಸಿದರೆ ಮುಗಿಯಿತು. ಹಳೆಯ ಬಿಲ್ಲಿನ 1800 ರೂಪಾಯಿ ಕುರ್ತಾ ಆಮೇಲೆ ವಾಪಸ್ ಬಂದರೂ ಅಂದಿನ ದರದಲ್ಲೇ ಲೆಕ್ಕ ಸಿಗುತ್ತದೆ.

ಸೈಜ್ ಹೇಳುವ ಭಾಗವನ್ನು ಎರಡನೇ ಹಂತಕ್ಕೆ ಇಡಿ. ಒಂದು ಕಂಪನಿಯ ಎಂ ಇನ್ನೊಂದರ ಎಲ್‌ಗೆ ಸಮ ಇರುತ್ತದೆ. ಭಾರತೀಯರ ಮೈಕಟ್ಟಿಗೇ ಹೊಂದುವ ಸೈಜ್ ಪಟ್ಟಿ ಬೇಕೆಂದು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ (ನಿಫ್ಟ್) 6 ನಗರಗಳಲ್ಲಿ 25,000ಕ್ಕೂ ಹೆಚ್ಚು ಜನರನ್ನು 3ಡಿ ಸ್ಕ್ಯಾನರ್‌ನಲ್ಲಿ ಅಳೆಯುವ ಇಂಡಿಯಾಸೈಜ್ ಯೋಜನೆ ಹಮ್ಮಿಕೊಂಡದ್ದು ಇದೇ ಕಾರಣಕ್ಕೆ. ನೀವು ಲೇಬಲ್ ನಂಬಬೇಡಿ. ಪ್ರತಿ ಡಿಸೈನ್‌ನ ಒಂದೊಂದು ಸೈಜ್ ಕುರ್ತಾವನ್ನು ಮೇಜಿನ ಮೇಲೆ ಹರಡಿ, ಟೇಪ್ ಹಿಡಿದು ಎದೆ, ಸೊಂಟ, ತೋಳಿನ ಸುತ್ತಳತೆ (ಹರಡಿದಾಗ ಸಿಗುವ ಅಗಲದ ಎರಡರಷ್ಟು), ಭುಜದ ಅಗಲ ಬರೆಯಿರಿ. ಗ್ರಾಹಕರ ಎದೆಯ ಸುತ್ತಳತೆಗೆ ಟೇಲರ್ ಬಿಡುವ ಸಡಿಲ ಸೇರಿಸಿ, ಅಷ್ಟಿರುವ ಅತಿ ಚಿಕ್ಕ ಸೈಜ್ ಹುಡುಕಿ. ಇದು ಒಂದು ಲೂಪ್, ಅಷ್ಟೇ. ವಾಪಸ್ ಬಂದಾಗ 'ತೋಳು ಬಿಗಿ', 'ಉದ್ದ ಜಾಸ್ತಿ' ಎಂಬ ಕಾರಣವನ್ನು ತಪ್ಪದೆ ದಾಖಲಿಸಿ. ಮುಂದೆ ನೀವು ಮೆಷಿನ್ ಲರ್ನಿಂಗ್ ಕಲಿತಾಗ ಅದೇ ನಿಮ್ಮ ಬಂಡವಾಳ.

ಒಂದು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ. ಹೆಣ್ಣುಮಕ್ಕಳ ಮೈ ಅಳತೆ, ಫೋಟೋ, ಫೋನ್ ನಂಬರ್ ಮೂರೂ ಒಂದೇ ಟೇಬಲ್‌ನಲ್ಲಿ ಕೂರಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆ ಕೇಳಬೇಕು ಅನ್ನುತ್ತದೆ. ನಾನು ಅದಕ್ಕಿಂತ ಮುಂದೆ ಹೋಗಿ, ಇಟ್ಟುಕೊಳ್ಳಲೇಬೇಡಿ ಅನ್ನುತ್ತೇನೆ. ಸೀರೆಯ ಫೋಟೋ ಸಾಕು, ಉಟ್ಟವರ ಫೋಟೋ ಬೇಡ. ಬಣ್ಣದ ಮೂರು ಸಂಖ್ಯೆ ಸಿಕ್ಕ ಕೂಡಲೇ ಅದನ್ನೂ ಅಳಿಸಿ. ಅಳತೆ ಗ್ರಾಹಕರ ಮೊಬೈಲ್‌ನಲ್ಲೇ ಇರಲಿ, ನಿಮ್ಮ ಸರ್ವರ್‌ಗೆ ಬರುವುದು ಬೇಡ. ನಿಮ್ಮ ಊರಿನ ಜನ ನಿಮ್ಮ ಅಂಗಡಿ ಮೇಲೆ ಇಟ್ಟ ನಂಬಿಕೆ ಆ್ಯಪ್‌ಗಿಂತ ಎಷ್ಟೋ ದೊಡ್ಡದು.

ಶುರು ಮಾಡುವುದು ಹೀಗೆ. ಇಡೀ ಅಂಗಡಿ ಬೇಡ, ಬ್ಲೌಸ್ ಪೀಸ್ ವಿಭಾಗ ಮಾತ್ರ ತೆಗೆದುಕೊಳ್ಳಿ. 100 ಶೇಡ್‌ಗಳ ಫೋಟೋ ತೆಗೆದು, ನಂಬರ್ ಕೊಟ್ಟು, ಟೇಬಲ್‌ಗೆ ಹಾಕಿ. ನಂತರ 30 ಸೀರೆ ಆರಿಸಿ. ಮ್ಯಾಚಿಂಗ್‌ನಲ್ಲಿ ಪಳಗಿದ ನಿಮ್ಮ ಕೌಂಟರ್‌ನವರಿಗೆ ಒಂದೊಂದು ಸೀರೆ ಕೊಟ್ಟು, ಆ 100ರಲ್ಲಿ ಯಾವುದು ಎಂದು ಕೇಳಿ ಬರೆದುಕೊಳ್ಳಿ. ಆ್ಯಪ್ ಏನು ಹೇಳಿತು ಎಂದು ಅವರಿಗೆ ಮೊದಲೇ ತೋರಿಸಬೇಡಿ. ಅವರು ಆರಿಸಿದ ಪೀಸ್ ನಿಮ್ಮ ಆ್ಯಪ್‌ನ ಮೊದಲ ಐದರಲ್ಲಿ ಎಷ್ಟು ಸಲ ಬಂತು ಎಂದು ಎಣಿಸಿ. ಬಾರದ ಸೀರೆಗಳನ್ನು ಬೇರೆ ಇಟ್ಟು, ಮೊದಲು ಅವುಗಳ ಫೋಟೋದ ಬೆಳಕು ನೋಡಿ, ಆಮೇಲೆ ಬೆರಳು ಎಲ್ಲಿ ಒತ್ತಿದ್ದೀರಿ ನೋಡಿ. ಕೋಡ್ ಮುಟ್ಟುವುದು ಕೊನೆಗೆ. ಅಷ್ಟಾದ ಮೇಲೂ ತಪ್ಪುವ ಸೀರೆಗಳನ್ನು ಕೌಂಟರ್‌ನವರ ಮುಂದೆ ಇಟ್ಟು, ಅವರು ಆ ಪೀಸನ್ನು ಯಾಕೆ ಆರಿಸಿದರು ಎಂದು ಕೇಳಿ. ಅವರು ಕೊಡುವ ಕಾರಣವೇ ನೀವು ಬರೆಯಬೇಕಾದ ಮುಂದಿನ ಇಫ್.